ಪೂಜೆಗಿಟ್ಟ ನಲವತ್ತು ಅಕ್ಷರ

2026ರ ಫೆಬ್ರವರಿ 9, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಶಿವಮೊಗ್ಗದ ಸೈಬರ್ ಅಪರಾಧ ಠಾಣೆಯ ಮೆಟ್ಟಿಲು ಹತ್ತಿದ ಶಿವಶಂಕರಪ್ಪನವರ ಕೈಯಲ್ಲಿ ಟೈಪು ಮಾಡಿಸಿದ ಮೂರು ಪುಟದ ದೂರು ಇತ್ತು. ಭದ್ರಾವತಿಯ ನ್ಯೂ ಟೌನ್ ಆಚೆ ಅವರದೊಂದು ಫೌಂಡ್ರಿ; ಪಂಪು, ಕವಾಟಗಳ ಬಿಡಿಭಾಗಗಳನ್ನು ಎರಕ ಹೊಯ್ಯುವ ಜಾಗ. ಅದರ ಲೆಕ್ಕಪತ್ರದ ಆಫೀಸು ಶಿವಮೊಗ್ಗದ ದುರ್ಗಿಗುಡಿಯಲ್ಲಿ.

"ಕಳ್ಳಿ ಯಾರು ಅಂತ ನಾನೇ ಬರ್ಕೊಂಡು ಬಂದಿದೀನಿ. ನಿಮಗೆ ಕೆಲ್ಸ ಕಮ್ಮಿ," ಎನ್ನುತ್ತ ಅವರು ಕುರ್ಚಿ ಎಳೆದುಕೊಂಡರು.

ದೂರು ಕೈಗೆ ತೆಗೆದುಕೊಂಡವರು ಹೆಡ್ ಕಾನ್‌ಸ್ಟೇಬಲ್ ಮೂರ್ತಪ್ಪ. ಮೂವತ್ತೊಂದು ವರ್ಷದ ಸರ್ವಿಸು, ಅದರಲ್ಲಿ ಹತ್ತೊಂಬತ್ತು ವರ್ಷ ಠಾಣೆಯ ದಾಖಲೆ ಬರೆಯುವ ರೈಟರ್. ಕಂಪ್ಯೂಟರ್ ಎಂದರೆ ದೂರದಿಂದಲೇ ಕೈಮುಗಿಯುವ ಆಸಾಮಿ. ಆದರೆ ಬರೆದಿಟ್ಟದ್ದನ್ನು ಓದುವುದರಲ್ಲಿ ಜಿಲ್ಲೆಯಲ್ಲಿ ತಮ್ಮನ್ನು ಮೀರಿಸಿದವರಿಲ್ಲವೆಂಬ ಹೆಮ್ಮೆ ಅವರಿಗಿತ್ತು. ಅದು ಸುಳ್ಳೂ ಆಗಿರಲಿಲ್ಲ.

ದೂರಿನ ಸಾರಾಂಶ ಇಷ್ಟು. ನವೆಂಬರ್ 6ರಿಂದ ಜನವರಿ 30ರವರೆಗೆ 'ಸೆಲ್ವಂ ಪ್ಯಾಟರ್ನ್ ವರ್ಕ್ಸ್' ಎಂಬ ಹೆಸರಿಗೆ ಆರು ಬಿಲ್ಲುಗಳ ಬಾಬ್ತು 14,62,000 ರೂಪಾಯಿ ಸಂದಾಯವಾಗಿದೆ. ಅಂಥ ವರ್ಕ್‌ಶಾಪ್ ಭೂಮಿಯ ಮೇಲೇ ಇಲ್ಲ. ಲೆಕ್ಕದ ತಂತ್ರಾಂಶದಲ್ಲಿ ಆರೂ ನಮೂದು ಅಕೌಂಟೆಂಟ್ ದಾಕ್ಷಾಯಣಿಯ ಹೆಸರಿನಲ್ಲಿವೆ.

"ದುಡ್ಡು ಬ್ಯಾಂಕಿಂದ ಹೋಗೋಕೆ ಯಾರ ಒಪ್ಪಿಗೆ ಬೇಕು?" ಮೂರ್ತಪ್ಪ ಕೇಳಿದರು.

"ನಂದೇ. ಸಂಜೆ ಪಾವತಿ ಪಟ್ಟಿ ಬರ್ತದೆ, ಫೋನಿಗೆ ಓಟಿಪಿ ಬರ್ತದೆ, ಒತ್ತುತೀನಿ."

"ಪಟ್ಟಿ ಓದ್ತೀರಾ?"

"ಇಪ್ಪತ್ತೆರಡು ವರ್ಷದಿಂದ ಆಯಮ್ಮ ಮಾಡಿದ ಪಟ್ಟಿ. ಅದನ್ನ ಓದೋದೇನು ಬಂತು?"

ಮೂರ್ತಪ್ಪ ಆ ಮಾತನ್ನೂ ಬರೆದುಕೊಂಡರು.

ಅಪರಾಧ ಸಂಖ್ಯೆ 17/2026. ನೌಕರರಿಂದ ನಂಬಿಕೆ ದ್ರೋಹ, ವಂಚನೆ, ಮತ್ತು ಐಟಿ ಕಾಯ್ದೆಯ ಎರಡು ಕಲಮು. ಮಧ್ಯಾಹ್ನ ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮಿನಲ್ಲಿ ದೂರುದಾರರು ಹೇಳಿದ ಹೆಸರೇ ಬಿತ್ತು.

ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ದಾಕ್ಷಾಯಣಿ ನೋಟಿಸು ಹಿಡಿದು ಬಂದರು. ನಲವತ್ತಾರರ ಹೆಂಗಸು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಅತ್ತ ಕುರುಹು ಮುಖದಲ್ಲಿ ಇರಲಿಲ್ಲ. ವಕೀಲರನ್ನೂ ಕರೆತಂದಿರಲಿಲ್ಲ.

ಇನ್ಸ್‌ಪೆಕ್ಟರ್ ಅನುಷಾ ಎದುರಿಗೆ ಕುಳಿತರು. ಮೂರ್ತಪ್ಪ ಬದಿಯಲ್ಲಿ ಹಾಳೆ ಹಿಡಿದರು.

"ನಿಮ್ಮ ಆಫೀಸಲ್ಲಿ ಲೆಕ್ಕ ಬರೆಯೋದು ಯಾರು?"

"ನಾನು. ಹೋದ ಜುಲೈಯಿಂದ ನಾನೂ ಒಂದು ಎಐ ಏಜೆಂಟೂ."

"ಅದನ್ನ ಲೆಕ್ಕಕ್ಕೆ ಜೋಡಿಸಿಕೊಟ್ಟ ಕಂಪನಿ ಯಾವುದು?"

"ಯಾವ ಕಂಪನೀನೂ ಇಲ್ಲ ಮೇಡಂ. ನಾನೇ ಜೋಡಿಸಿದ್ದು."

"ಎಂಜಿನಿಯರಿಂಗ್ ಮಾಡಿದೀರಾ?"

"ಬಿ.ಕಾಂ. ಸೆಕೆಂಡ್ ಕ್ಲಾಸು. ಓದಿ ಕಲ್ತೆ. ಹನ್ನೊಂದು ಭಾನುವಾರ ಹಿಡೀತು."

ಇನ್ಸ್‌ಪೆಕ್ಟರ್ ತಲೆಯೆತ್ತಿ ಒಮ್ಮೆ ನೋಡಿದರು. "ದಫೇದಾರ್ರಿಗೆ ಅರ್ಥ ಆಗೋ ಹಾಗೆ ಹೇಳಿ."

ದಾಕ್ಷಾಯಣಿ ಮೂರ್ತಪ್ಪನವರ ಕಡೆ ತಿರುಗಿದರು. "ಲೆಕ್ಕದ ಪುಸ್ತಕ ನಮ್ಮ ಆಫೀಸಲ್ಲಿಲ್ಲ ಸಾರ್. ಕ್ಲೌಡಲ್ಲಿದೆ. ಅಂದ್ರೆ ಬೇರೆ ಊರಲ್ಲಿರೋ ಕಂಪನಿಯೋರ ಕಂಪ್ಯೂಟರಲ್ಲಿ. ಈ ಏಜೆಂಟು ನಮಗೆ ಬಂದ ಬಿಲ್ ಓದ್ತದೆ, ನಾವು ಕೊಟ್ಟ ಆರ್ಡರಿಗೆ ತಾಳೆ ನೋಡ್ತದೆ. ಇಲ್ಲಿಂದ ಅಲ್ಲಿಗೆ ಬರೀಬೇಕಲ್ಲ? ಅದಕ್ಕೆ ಕಮಾಂಡ್ ಲೈನ್ ಟೂಲು ಅಂತ ಒಂದಿದೆ. ಬಟನ್ನಿಲ್ಲ, ಚಿತ್ರ ಇಲ್ಲ. ಕಪ್ಪು ಪರದೆ. ಒಂದು ಸಾಲು ಆಜ್ಞೆ ಬರೆದ್ರೆ ಒಂದು ಕೆಲ್ಸ ಆಗ್ತದೆ. ಏಜೆಂಟು ಆ ಸಾಲು ಬರೀತದೆ, ಅಲ್ಲಿ ಲೆಕ್ಕ ಹತ್ತುತ್ತದೆ."

"ನಾನು ಬರೆದ್ರೂ ಹತ್ತುತ್ತದಾ?"

"ಕೀ ಬೇಕು ಸಾರ್. ನಲವತ್ತು ಅಕ್ಷರದ್ದು. ಅದಿದ್ರೆ ಯಾವ ಕಂಪ್ಯೂಟರಿಂದ ಬರೆದ್ರೂ ನನ್ನ ಹೆಸರಲ್ಲೇ ಹತ್ತುತ್ತದೆ."

"ಕೀ ಯಾವ ಕಂಪ್ಯೂಟರಲ್ಲಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನದೊಂದರಲ್ಲೇ."

"ಈ ಆರು ಬಿಲ್ಲು ನೀವು ಹತ್ತಿಸಿದ್ದಾ?"

"ಅಲ್ಲ. ಏಜೆಂಟೂ ಹತ್ತಿಸಿದ್ದಲ್ಲ. ಹೊಸ ಪಾರ್ಟಿ ಹೆಸರು ನನ್ನನ್ನ ಕೇಳದೆ ಸೇರಿಸ್ಬಾರ್ದು ಅಂತ ಅದಕ್ಕೆ ಕಟ್ಟಪ್ಪಣೆ ಇದೆ. ಪಾವತಿ ಪಟ್ಟಿ ಈಗ ತಂತ್ರಾಂಶದಿಂದ ನೇರ ಯಜಮಾನ್ರಿಗೆ ಹೋಗ್ತದೆ; ಹೋದ ವಾರ ಲೆಕ್ಕ ತಾಳೆ ನೋಡೋವಾಗ ನಾನೇ ಕಂಡುಹಿಡ್ದು ಯಜಮಾನ್ರಿಗೆ ತೋರ್ಸಿದ್ದು. ತೋರ್ಸಿದವಳನ್ನೇ ಹನ್ನೆರಡು ಜನರ ಮುಂದೆ ಕಳ್ಳಿ ಅಂದ್ರು." ಕೈಲಿದ್ದ ನೋಟಿಸನ್ನು ಅವರು ಮೇಜಿನ ಮೇಲಿಟ್ಟರು. "ಕೆಲ್ಸ ಹೋದ್ರೆ ಇನ್ನೊಂದು ಸಿಗ್ತದೆ ಮೇಡಂ. ಇಪ್ಪತ್ತೆರಡು ವರ್ಷದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಆ ಹೆಸರು ಇನ್ನೊಂದು ಸಿಗಲ್ಲ."

ಬುಧವಾರ, 11ನೇ ತಾರೀಖು. ಪಂಚರನ್ನು ಕೂರಿಸಿಕೊಂಡು ದುರ್ಗಿಗುಡಿಯ ಆಫೀಸಿನಲ್ಲಿ ಪಂಚನಾಮೆ ನಡೆಯಿತು. ಕಂಪ್ಯೂಟರಿನ ನಕಲು ತೆಗೆಸಿ ಮೂಲವನ್ನು ಸೀಲು ಮಾಡಿದರು. ನವೆಂಬರಿನಿಂದೀಚಿನ 611 ನಮೂದುಗಳನ್ನು ಅಚ್ಚು ಹಾಕಿಸಿದರು. ಕಾನ್‌ಸ್ಟೇಬಲ್ ಯೋಗೇಶ್ ಆ ಕಟ್ಟನ್ನು ಹೊತ್ತು ಜೀಪಿಗೆ ಹಾಕುವಾಗ ನಕ್ಕ.

"ದಫೇದಾರ್ರೇ, ಇದನ್ನ ಓದೋಷ್ಟರಲ್ಲಿ ನಿಮ್ಮ ಪೆನ್ಷನ್ ಬರ್ತದೆ."

"ನೀನು ಮೊಬೈಲು ಉಜ್ಜೋಷ್ಟರಲ್ಲಿ ನಾನು ಎರಡು ಸಲ ಓದಿರ್ತೀನಿ ಮಾರಾಯ. ಹೊರು."

ಓದಿದರು. ಠಾಣೆಯ ದಿನಚರಿ ಓದುವ ಹಾಗೆ, ಬಲಗೈಯ ತೋರುಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ತುಟಿ ಅಲ್ಲಾಡಿಸುತ್ತ ಓದಿದರು. ಮೂವತ್ತು ಪುಟ ದಾಟುವಷ್ಟರಲ್ಲಿ ಬರೆದವರ ರೀತಿ ಹಿಡಿತಕ್ಕೆ ಬಂತು. ಪ್ರತಿ ನಮೂದಿನ ಕೆಳಗೆ ಏಜೆಂಟು ಕನ್ನಡದಲ್ಲೇ ಒಂದು ಸಾಲು ಕಾರಣ ಬರೆಯುತ್ತಿತ್ತು: 'ಮರಳಿನ ಬಿಲ್ಲು, ಆರ್ಡರಿಗೆ ತಾಳೆಯಾಗಿದೆ.' 'ತೂಕದಲ್ಲಿ ನಾಲ್ಕು ಕೆಜಿ ವ್ಯತ್ಯಾಸ, ದಾಕ್ಷಾಯಣಿ ಅವರನ್ನು ಕೇಳಿ ಬರೆಯಲಾಗಿದೆ.' ದಾಕ್ಷಾಯಣಿ ಸ್ವತಃ ಬರೆದಲ್ಲಿ ಕೊನೆಗೆ 'ದಾ' ಎಂಬ ಗುರುತು.

"ಮೇಡಂ, ಇದು ಒಳ್ಳೇ ರೈಟರು," ಎಂದರು ಮೂರ್ತಪ್ಪ ಸಂಜೆ ನಾಲ್ಕಕ್ಕೆ. "ಡೆಪ್ಯುಟೇಷನ್ ಮೇಲೆ ನಮ್ಮ ಠಾಣೆಗೆ ಹಾಕಿಸ್ಕೊಳ್ಳಬಹುದು. 605 ನಮೂದಿಗೂ ಕಾರಣ ಇದೆ, ಇಲ್ಲಾ 'ದಾ' ಇದೆ. ನಮ್ಮ ಆರಕ್ಕೆ ಎರಡೂ ಇಲ್ಲ. ಬರೀ ಬೋಳು. ಇದು ಮೂರನೇ ಕೈ."

"ಕೋರ್ಟಲ್ಲಿ ಇಷ್ಟು ಸಾಲಲ್ಲ ಮೂರ್ತಪ್ಪನೋರೆ. ಬೇಕಂತಲೇ ಗುರುತು ಹಾಕ್ಲಿಲ್ಲ ಅಂತಾರೆ."

"ಅನ್ನಲಿ. ನನಗೆ ಸಾಕು."

ಆದರೆ ಮುಂದೆ ಸಿಕ್ಕಿದ್ದೆಲ್ಲ ದಾಕ್ಷಾಯಣಿಗೆ ವಿರುದ್ಧವೇ ಆಯಿತು. ಗುರುವಾರ ಬ್ಯಾಂಕಿನಿಂದ ವಿವರ ಬಂತು. ಖಾತೆ ಸೆಲ್ವಂ ಎಂಬ, ಎರಕದ ಅಚ್ಚು ಕಟ್ಟುತ್ತಿದ್ದ ಹಳೆಯ ಮೋಲ್ಡರನದು. ಫೌಂಡ್ರಿಯ ಕೆಲಸ ಬಿಟ್ಟು ಸೇಲಂ ಕಡೆಯ ತನ್ನ ಊರಿಗೆ ಹೋದವನು. ಹಣವೆಲ್ಲ ಭದ್ರಾವತಿಯ ಎಟಿಎಂಗಳಲ್ಲಿ ನಗದಾಗಿತ್ತು. ಕ್ಯಾಮೆರಾದಲ್ಲಿ ಕಂಡದ್ದು ಹೆಲ್ಮೆಟ್ಟು ತೆಗೆಯದ, ಕೈಗವಸು ತೊಟ್ಟ ಒಬ್ಬ ಗಂಡಸು.

ಸೆಲ್ವಂ ಫೋನಿನಲ್ಲಿ ಸಿಕ್ಕ. "ಸಾರ್, ಸತ್ಯವಾಗ್ಲೂ ನಂಗೇನೂ ಗೊತ್ತಿಲ್ಲ ಸಾರ್. ಪಿಎಫ್ ಮಾಡಿಸ್ಬೇಕು ಅಂತ ಪಾಸ್‌ಬುಕ್ಕು, ಕಾರ್ಡು, ಹಳೇ ಸಿಮ್ಮು ಎಲ್ಲಾ ಫೌಂಡ್ರಿಯಲ್ಲಿ ಟೇಬಲ್ ಮೇಲೆ ಇಟ್ಟು ಬಂದೆ. ದುರ್ಗಿಗುಡಿ ಮೇಡಂಗೆ ಕಳಿಸ್ತಾರೆ ಅಂತ ಇಟ್ಟೆ."

"ತಲುಪ್ತಾ?"

"ಅದು ಗೊತ್ತಿಲ್ಲ ಸಾರ್."

ಶುಕ್ರವಾರ ಲೆಕ್ಕದ ತಂತ್ರಾಂಶದ ಕಂಪನಿ ಉತ್ತರಿಸಿತು. ಆರು ನಮೂದುಗಳೂ ದಾಕ್ಷಾಯಣಿಯ ಕೀಯಿಂದಲೇ ಬಂದಿವೆ. ಆಫೀಸಿನ ಕಂಪ್ಯೂಟರಿನಿಂದಲ್ಲ, ಬೇರೊಂದರಿಂದ. ಅದಕ್ಕೆ ಇಂಟರ್ನೆಟ್ಟು ಒದಗಿಸಿದ್ದು ಸೆಲ್ವಂನ ಅದೇ ಹಳೇ ಸಿಮ್ಮು.

ಅಂದು ಮಧ್ಯಾಹ್ನ ಶಿವಶಂಕರಪ್ಪನವರು ಮತ್ತೆ ಬಂದರು. "ಭಾನುವಾರ ಶಿವರಾತ್ರಿ. ಇನ್ನೂ ಆಯಮ್ಮನನ್ನ ಹೊರಗೇ ಬಿಟ್ಟಿದೀರಿ. ಅವಳ ತಮ್ಮ ಹೆಲ್ಮೆಟ್ ಹಾಕ್ಕೊಂಡು ದುಡ್ಡು ತೆಗ್ದಿದಾನೆ, ಇದೂ ತಿಳಿಯಲ್ವಾ?"

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು. "ಕೀ ಅವರದು, ಹೆಸರು ಅವರದು, ಕಾರ್ಡು ಅವರಿಗೇ ಅಂತ ಇಟ್ಟಿದ್ದು. ಮಂಗಳವಾರದೊಳಗೆ ಬೇರೆ ಏನೂ ಸಿಗದಿದ್ರೆ ದಸ್ತಗಿರಿ ಮಾಡ್ಬೇಕಾಗತ್ತೆ."

"ಒಂದು ಪ್ರಶ್ನೆ ಉಳಿದಿದೆ ಮೇಡಂ. ನಾನು ಕೇಳಲಾ?"

ದಾಕ್ಷಾಯಣಿಯನ್ನು ಮತ್ತೆ ಕರೆಸಿದರು. ಮೂರ್ತಪ್ಪ ಕೇಳಿದರು: "ಕೀ ಯಾವ ಕಂಪ್ಯೂಟರಲ್ಲಿದೆ ಅಂತ ಮೇಡಂ ಕೇಳಿದ್ರು, ನೀವು ಹೇಳಿದ್ರಿ. ನಾನು ಕೇಳೋದು ಬೇರೆ. ಕಾಗದದ ಮೇಲೆ ಎಲ್ಲಾದ್ರೂ ಬರೆದಿದ್ರಾ ತಾಯಿ?"

ನಾಲ್ಕು ದಿನ ತಗ್ಗದಿದ್ದ ತಲೆ ಆಗ ತಗ್ಗಿತು.

"ಪೂಜೆಗೆ ಇಟ್ಟಿದ್ದೆ ಸಾರ್."

"ಯಾವ ಪೂಜೆ?"

"ದೀಪಾವಳಿ ಪಾಡ್ಯದ್ದು. ಯಜಮಾನ್ರ ತಾತನ ಕಾಲದಿಂದ್ಲೂ ಹೊಸ ಲೆಕ್ಕದ ಪುಸ್ತಕ ಇಟ್ಟು ಲಕ್ಷ್ಮೀಪೂಜೆ ಮಾಡೋರು. ಈ ಸಲ ಪುಸ್ತಕವೇ ಇಲ್ಲವಲ್ಲ! ಯಜಮಾನ್ರ ಹೆಂಡ್ತಿ ಉಮಾಮಹೇಶ್ವರಮ್ಮ, ಖಾಲಿ ಪುಸ್ತಕ ಪೂಜೆ ಮಾಡಿದ್ರೆ ವರ್ಷವೆಲ್ಲ ಖಾಲಿ ಅಂದ್ರು. ಲೆಕ್ಕದ ಬೀಗದ ಕೈನೇ ಬರೆದಿಡು ಅಂದ್ರು ಯಜಮಾನ್ರು. ಕೆಂಪು ಬಟ್ಟೆ ರಟ್ಟಿನ ಪುಸ್ತಕದ ಮೊದಲ್ನೇ ಪುಟದಲ್ಲಿ ಶ್ರೀಕಾರ ಬರೆದು, ಕೆಳಗೆ ನಲವತ್ತು ಅಕ್ಷರ ಬರೆದೆ. ದೇವರ ಮುಂದೆ ಇಟ್ಟಿದ್ದನ್ನ ಯಾರು ಮುಟ್ತಾರೆ ಸಾರ್?"

ಇನ್ಸ್‌ಪೆಕ್ಟರ್ ಹಣೆ ಒತ್ತಿಕೊಂಡರು. "ಇಷ್ಟು ತಿಳಿದವರು ಹೀಗೆ ಮಾಡಬಹುದಾ?"

"ಅದಕ್ಕೇ ಮೂರು ಅಕ್ಷರದ ಮೇಲೆ ಕುಂಕುಮ ಇಟ್ಟೆ ಮೇಡಂ. ಒದ್ದೆ ಕುಂಕುಮ, ದಪ್ಪಗೆ. ಓದಿದ್ರೂ ಮೂವತ್ತೇಳೇ ಸಿಗ್ಬೇಕು ಅಂತ."

"ಆ ಪುಸ್ತಕ ಈಗೆಲ್ಲಿದೆ?"

"ಭದ್ರಾವತಿ ಫೌಂಡ್ರಿಯ ದೇವರ ಗೂಡಲ್ಲಿ. ಅವತ್ತು ಸಂಜೆ ಕುಲುಮೆ ಪೂಜೆಗೆ ಅಂತ ಒಯ್ದವರು ಅಲ್ಲೇ ಇಟ್ರು."

ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಜೀಪು ಭದ್ರಾವತಿಗೆ ಹೊರಟಿತು. ಮೂರ್ತಪ್ಪ ಮೊದಲೇ ಉಮಾಮಹೇಶ್ವರಮ್ಮನವರಿಂದ ಪೂಜೆಯ ದಿನದ ಫೋಟೋ ಪಡೆದಿದ್ದರು. ಅದರಲ್ಲಿ ಪುಟ ಸ್ಪಷ್ಟವಾಗಿ ಕಾಣುತ್ತಿತ್ತು. ಮೂರನೆಯ ಸಾಲಿನ ನಡುವೆ ಸಣ್ಣ ಕುಂಕುಮದ ಬೊಟ್ಟು, ಅದರಡಿಯ ಅಕ್ಷರಗಳು ಮುಚ್ಚಿಹೋಗಿದ್ದವು.

ಫೌಂಡ್ರಿಯಲ್ಲಿ ಅವರನ್ನು ಎದುರುಗೊಂಡವನು ಶಿವಶಂಕರಪ್ಪನವರ ತಮ್ಮ ಶಿವಯೋಗಿ. ಐವತ್ತರ ಆಳು, ಕುಲುಮೆಯ ಕಾವಿಗೆ ಬೆಂದ ತಾಮ್ರದ ಮುಖ, ಹಣೆಯ ಮೇಲೆ ವಿಭೂತಿ. ಕಬ್ಬಿಣ ಕೊರೆಯುವ ಸಿಎನ್‌ಸಿ ಯಂತ್ರದ ಮುಂದೆ ನಿಂತು ಏನನ್ನೋ ಒತ್ತುತ್ತಿದ್ದವನು ಕೈ ಒರೆಸಿಕೊಂಡು ಬಂದ.

"ಅಣ್ಣ ಹೇಳಿದ್ದ. ಬನ್ನಿ. ಟೀ ತರ್ಸ್ಲಾ?"

"ಆಮೇಲೆ. ಆ ಯಂತ್ರಕ್ಕೆ ಏನು ಬರೀತಿದ್ರಿ?" ಮೂರ್ತಪ್ಪ ಕೇಳಿದರು.

"ಆಜ್ಞೆ ಕೊಡ್ಬೇಕಲ್ಲ ಸಾರ್ ಅದಕ್ಕೆ. ಸಾಲು ಸಾಲಾಗಿ ಬರೀಬೇಕು. ಒಂದು ಚುಕ್ಕಿ ತಪ್ಪಿದ್ರೂ ಕಬ್ಬಿಣ ಹಾಳು." ಆ ಮಾತಿನಲ್ಲಿ ಗತ್ತಿತ್ತು. ಇರಬೇಕಾದ ಗತ್ತೇ.

ಗೂಡಿನ ಮುಂದೆ ಪಂಚನಾಮೆ ಶುರುವಾಯಿತು. ಮೂರ್ತಪ್ಪ ಚಪ್ಪಲಿ ಕಳಚಿ, ಕೈಮುಗಿದು, ಕೆಂಪು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪುಟ ತೆರೆದರು. ಫೋಟೋವನ್ನು ಪಕ್ಕದಲ್ಲಿಟ್ಟರು.

ಮೂರನೆಯ ಸಾಲಿನ ಬೊಟ್ಟು ಇರಲಿಲ್ಲ. ಅಲ್ಲಿ ಕಾಗದ ತಿಳಿಗೆಂಪಾಗಿ ಉಜ್ಜಿದ ಹಾಗಿತ್ತು, ಅಕ್ಷರ ಮೂರೂ ಓದಲು ಬರುತ್ತಿದ್ದವು. ಆದರೆ ಅಂಚಿನ ಖಾಲಿ ಜಾಗದಲ್ಲಿ, ಫೋಟೋದಲ್ಲಿ ಇಲ್ಲದ ಹೊಸದೊಂದು ಬೊಟ್ಟಿತ್ತು. ಸಣ್ಣದಲ್ಲ, ಎಂಟಾಣೆ ಅಗಲದ್ದು.

ಮೂರ್ತಪ್ಪ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಇನ್ಸ್‌ಪೆಕ್ಟರನ್ನು ಬಾಗಿಲಾಚೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಹೊರಗಿನ ಕಳ್ಳ ಆಗಿದ್ರೆ ಒರೆಸಿ ಹೋಗ್ತಿದ್ದ ಮೇಡಂ. ಇವನಿಗೆ ಶ್ರೀಕಾರ ಬರೆದ ಪುಟ ಕುಂಕುಮ ಇಲ್ಲದೆ ಬಿಡೋಕೆ ಮನಸ್ಸು ಬಂದಿಲ್ಲ. ಕಳ್ಳತನಕ್ಕೆ ಒರೆಸಿದ, ದೇವರಿಗೆ ಹೆದರಿ ಮತ್ತೆ ಇಟ್ಟ. ಈ ಮನೆಯವನೇ. ನೋಡಿ, ಎಲ್ಲರೂ ಉಂಗುರಬೆರಳಲ್ಲಿ ಕುಂಕುಮ ಇಡ್ತಾರೆ. ಇದು ಹೆಬ್ಬೆಟ್ಟಿಂದು. ಗೆರೆಗಳೂ ಕಾಣ್ತವೆ."

ಪುಸ್ತಕಕ್ಕೆ ಸೀಲು ಬಿತ್ತು. ಗೂಡಿನ ಬಳಿ ಓಡಾಡುವ ಏಳು ಮಂದಿಯ ಬೆರಳಚ್ಚು ತೆಗೆದುಕೊಳ್ಳಲು ಇನ್ಸ್‌ಪೆಕ್ಟರ್ ಹೇಳಿದರು. ಶಿವಯೋಗಿ ಐದನೆಯವನು. ಅವನು ಬಲಗೈ ಚಾಚಿದಾಗ ಮೂರ್ತಪ್ಪ ಬೆರಳೆಣಿಸಿದರು. ಉಂಗುರಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.

"ಇದು?"

"ಹದಿನೆಂಟನೇ ವಯಸ್ಸಲ್ಲಿ ಹೋಗಿದ್ದು ಸಾರ್. ಬೆಲ್ಟಿಗೆ ಸಿಕ್ತು."

"ಹಣೆಗೆ ಹೇಗೆ ಹಚ್ಕೊತೀರಿ?"

ಶಿವಯೋಗಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿದ. ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

ಮೂರ್ತಪ್ಪ ಮತ್ತೇನೂ ಕೇಳಲಿಲ್ಲ. ಬೆರಳಚ್ಚು ಘಟಕದ ವರದಿ ಇಲ್ಲದೆ ಹೆಸರು ಹೇಳಬಾರದು. ಒಬ್ಬ ಹೆಂಗಸಿನ ಹೆಸರು ಹಾಗೆ ಹೇಳಿಯೇ ಇಷ್ಟಾಗಿತ್ತು. ಭಾನುವಾರ ಅವರು ಉಪವಾಸವಿದ್ದು ದೇವಸ್ಥಾನಕ್ಕೆ ಹೋಗಿಬಂದರು. ಸೋಮವಾರ ಯೋಗೇಶ್ ಮಫ್ತಿಯಲ್ಲಿ ಶಿವಯೋಗಿಯ ಹಿಂದೆ ಸುತ್ತಿ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅವನು ಬೀಗ ತೆಗೆದು ಒಳಹೊಕ್ಕ ಒಂದು ಶೆಡ್ಡು ನೋಡಿಕೊಂಡು ಬಂದ.

ಮಂಗಳವಾರ, 17ನೇ ತಾರೀಖು, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ವರದಿ ಕೈಸೇರಿತು. ಅಂಚಿನ ಬೊಟ್ಟಿನಲ್ಲಿದ್ದದ್ದು ಶಿವಯೋಗಿಯ ಬಲಗೈ ಹೆಬ್ಬೆಟ್ಟು. ಹನ್ನೆರಡೂಕಾಲಿಗೆ ಜೀಪು ಶೆಡ್ಡಿನ ಮುಂದೆ ನಿಂತಿತು.

ಒಳಗೆ ಒಂದು ಸಣ್ಣ ಹೊಸ ಕುಲುಮೆ. ಇನ್ನೂ ಹೊತ್ತಿಸಿರಲಿಲ್ಲ. ಮೂಲೆಯಲ್ಲಿ ಎರಡು ಪೆಟ್ಟಿಗೆ ಅಚ್ಚು, ಗೋಡೆಗೆ ಒರಗಿಸಿದ ನಾಮಫಲಕ. ಹಳದಿ ಮೇಲೆ ಕೆಂಪಕ್ಷರ: 'ಶಿವಯೋಗಿ ಫೌಂಡ್ರಿ'. ಮೇಜಿನ ಖಾನೆಯಲ್ಲಿ ಹಳೆಯ ಲ್ಯಾಪ್‌ಟಾಪು, ಸೆಲ್ವಂನ ಕಾರ್ಡು, ಸಿಮ್ಮು. ದಾಕ್ಷಾಯಣಿ ಹೊಸ ಕ್ರಮವನ್ನು ಎಲ್ಲರಿಗೂ ಕಲಿಸಲೆಂದು ದುಂಡಗೆ ಕನ್ನಡದಲ್ಲಿ ಬರೆದು ಹಂಚಿದ್ದ ಆಜ್ಞೆಗಳ ಹಾಳೆಯೂ ಅಲ್ಲೇ ಮಡಚಿಟ್ಟಿತ್ತು.

ಶಿವಯೋಗಿ ಓಡಲಿಲ್ಲ. "ಟೀ ತರ್ಸೋಕೂ ಇಲ್ಲಿ ಯಾರೂ ಇಲ್ಲ ಸಾರ್," ಎಂದ ಅಷ್ಟೆ. ಮಹಜರು ಬರೆದು, ಒಂದು ಐವತ್ತಕ್ಕೆ ದಸ್ತಗಿರಿ ನಮೂದಿಸಿದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಮೊದಲು ಮಾಡಿದ ಕೆಲಸ, ಆರೋಪಿಯ ಪಟ್ಟಿಯಿಂದ ದಾಕ್ಷಾಯಣಿಯ ಹೆಸರು ಕೈಬಿಡಬೇಕೆಂದು ನ್ಯಾಯಾಲಯಕ್ಕೆ ವರದಿ ಕಳಿಸಿದ್ದು. ಅವರ ಹೆಸರು ಈಗ ಸಾಕ್ಷಿ ನಂಬರ್ ಒಂದು. ಹೇಳಿಕೆಗೆ ರುಜು ಹಾಕಲು ಬಂದವರನ್ನು ಶಿವಶಂಕರಪ್ಪನವರು ಬಾಗಿಲಲ್ಲೇ ತಡೆದರು.

"ನಾಳೆಯಿಂದ ಆಫೀಸಿಗೆ ಬಾರಮ್ಮ. ಆಗಿದ್ದು ಆಗೋಯ್ತು."

"ಹನ್ನೆರಡು ಜನರ ಮುಂದೆ ಅಂದಿದ್ರಿ ಯಜಮಾನ್ರೆ. ಆ ಹನ್ನೆರಡೂ ಜನ ನಾಳೆ ಹತ್ತು ಗಂಟೆಗೆ ಆಫೀಸಲ್ಲಿ ಇರ್ತಾರೆ. ಅವರ ಮುಂದೆ ಏನನ್ನಬೇಕೋ ಅನ್ನಿ. ಆಮೇಲೆ ಕೂತ್ಕೊಳ್ಳೋದೋ ಬಿಡೋದೋ ನೋಡ್ತೀನಿ." ಹೊಸ್ತಿಲು ದಾಟುತ್ತ ಸೇರಿಸಿದರು: "ಇನ್ನು ಮೇಲೆ ಪಟ್ಟಿ ಓದಿ ಒತ್ತಬೇಕು. ಇದು ನನ್ನ ಷರತ್ತು."

ಶಿವಶಂಕರಪ್ಪನವರು ತಲೆಯಾಡಿಸಿದರು. ಮೂರ್ತಪ್ಪ ಹಾಳೆ ಮುಂದಿಟ್ಟರು. ದಾಕ್ಷಾಯಣಿ ಪೂರ್ತಿ ಓದಿ, ಎರಡು ಕಡೆ ತಾರೀಖು ತಿದ್ದಿಸಿ, ಹೆಸರಿನ ಮುಂದೆ ಬಿ.ಕಾಂ. ಎಂದು ಬರೆದು ರುಜು ಹಾಕಿ ಹೋದರು. ಮೂವತ್ತೊಂದು ವರ್ಷದಲ್ಲಿ ತಮ್ಮ ಬರಹದಲ್ಲಿ ತಪ್ಪು ಹಿಡಿದವರು ಎಷ್ಟು ಮಂದಿ ಎಂದು ಮೂರ್ತಪ್ಪ ಲೆಕ್ಕ ಹಾಕಿದರು. ಇವರೊಬ್ಬರೇ. ಅವರಿಗೆ ಬೇಸರವಾಗಲಿಲ್ಲ, ಬದಲಿಗೆ ಎದೆ ತುಂಬಿತು.

ಸಂಜೆ ನಾಲ್ಕೂವರೆಗೆ ಶಿವಯೋಗಿಯ ಹೇಳಿಕೆ. ಅಣ್ಣ ಬಾಗಿಲ ಹತ್ತಿರ ನಿಂತಿದ್ದರು. ಇನ್ಸ್‌ಪೆಕ್ಟರ್ ಬೇಡ ಎನ್ನಲಿಲ್ಲ.

"ದುಡ್ಡು ಪೂರ್ತಿ ಶೆಡ್ಡಿಗೇ ಹಾಕಿದ್ದಾ?"

"ಹೂಂ. ಬೇರೆ ಒಂದು ಕಾಸೂ ಮುಟ್ಟಿಲ್ಲ."

"ನಿಮಗೆ ಸಂಬಳ?"

"ಮನೇ ಮಗನಿಗೆಂಥ ಸಂಬಳ ಮೇಡಂ? ಬೇಕಾದಾಗ ಕೇಳಿ ಇಸ್ಕೊಳ್ಳೋದು."

ಶಿವಶಂಕರಪ್ಪನವರಿಗೆ ತಡೆಯಲಾಗಲಿಲ್ಲ. "ಕೇಳಿದಾಗ ಯಾವತ್ತು ಇಲ್ಲ ಅಂದಿದೀನೋ? ಶೆಡ್ಡು ಬೇಕು ಅಂತ ಒಂದು ಮಾತು ಅಂದಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದೆ ಅಣ್ಣ. ನೀನು ಯಾವತ್ತೂ ಇಲ್ಲ ಅಂದವನಲ್ಲ." ಶಿವಯೋಗಿ ಅಣ್ಣನ ಮುಖ ನೋಡಲಿಲ್ಲ. "ಮೂವತ್ತೆರಡು ವರ್ಷ ಕಬ್ಬಿಣ ಕರಗಿಸಿದೀನಿ. ಮಗಳ ಫೀಸಿಗೆ ಕೇಳ್ದೆ, ಹೆಂಡ್ತಿ ಸೀರೆಗೆ ಕೇಳ್ದೆ, ಚಪ್ಪಲಿ ಹರಿದ್ರೂ ಕೇಳ್ದೆ. ಒಂದು ವಸ್ತು, ಒಂದೇ ಒಂದು, ನಿನ್ನನ್ನ ಕೇಳದೆ ನನ್ನದಾಗ್ಬೇಕಿತ್ತು."

ಅಣ್ಣ ಚೌಕಟ್ಟು ಹಿಡಿದುಕೊಂಡು ನಿಂತರು.

ಇನ್ಸ್‌ಪೆಕ್ಟರ್ ಮೂರ್ತಪ್ಪ ಬರೆದುಕೊಂಡ ಹಾಳೆಯ ಮೇಲೆ ಕಣ್ಣು ಹಾಯಿಸಿ, ಶಿವಯೋಗಿಯ ಆ ಕೊನೆಯ ಸಾಲುಗಳ ಮೇಲೆ ಪೆನ್ನಿಟ್ಟರು. "ಮೂರ್ತಪ್ಪನೋರೆ, ಇದೆಲ್ಲ ಕೇಸಿಗೆ ಬೇಕಾ?"

"ಕೇಸಿಗೆ ಬೇಡ ಮೇಡಂ," ಎಂದರು ಮೂರ್ತಪ್ಪ. "ಆದರೂ ಇರಲಿ. ಅಷ್ಟಾದರೂ ಅವನಿಗೆ ಕೇಳದೇ ಸಿಗಲಿ."